ಟ್ರಂಕಿನ ರೀಲುಗಳನ್ನು ಮಾರುವ ಮುನ್ನ

ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುವಾಗ, ಇಲ್ಲವೇ ಹಿರಿಯರು ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ, ಅಟ್ಟದ ಮೇಲಿನ ಟ್ರಂಕಿನಿಂದ ಕೆಲವು ಚಪ್ಪಟೆ ಡಬ್ಬಿಗಳು ಹೊರಬರುವುದುಂಟು. ಒಳಗೆ ಕಿರುಬೆರಳಿಗಿಂತ ಕಿರಿದಾದ ಫಿಲ್ಮು ಸುತ್ತಿದ ರೀಲು ಇರುತ್ತದೆ. ಎಲ್ಲರ ಮನೆಯಲ್ಲೂ ಇದು ಸಿಗುವುದಿಲ್ಲ. ವಿದೇಶದಲ್ಲಿ ಓದಿ ಬಂದ ಡಾಕ್ಟರ ಮನೆ, ಅಮೆರಿಕಕ್ಕೋ ಕೊಲ್ಲಿ ದೇಶಕ್ಕೋ ದುಡಿಯಲು ಹೋದ ಮಗನ ಮನೆ, ಫೋಟೋ ಹುಚ್ಚಿದ್ದ ಸಾಹುಕಾರರ ಮನೆ ಇವುಗಳ ಜಾಗ. ಸಿಕ್ಕಾಗ ಮನೆಯವರು ಕೇಳುವ ಮೊದಲ ಪ್ರಶ್ನೆ ಒಂದೇ: ಇದನ್ನು ಮಾರಿದರೆ ಏನು ಬರುತ್ತದೆ? ಆ ಪ್ರಶ್ನೆಗೆ ಸಮಾಧಾನವಾಗಿ ಉತ್ತರ ಹೇಳಲೆಂದೇ ಈ ಲೇಖನ. ಇದನ್ನು ಓದಲು ಸಿನಿಮಾ ತಂತ್ರಜ್ಞಾನ ಗೊತ್ತಿರಬೇಕಾಗಿಲ್ಲ.

ಮೊದಲು ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಇಂಥ ರೀಲಿನ ಬೆಲೆ ಅರಿತು ಖರೀದಿಸುವವರನ್ನು ಹುಡುಕಿ ಪ್ರಯೋಜನವಿಲ್ಲ. ಬಾಗಿಲಿಗೆ ಬರುವವರು ಗುಜರಿಯವರು, ಅವರದು ತೂಕದ ಲೆಕ್ಕ. ಕಪ್ಪುಬಿಳುಪು ಫಿಲ್ಮಿನ ಮೇಲ್ಪದರದಲ್ಲಿ ಬೆಳ್ಳಿ ಇರುತ್ತದೆ. ಹಿಂದೆ ಆ ಬೆಳ್ಳಿಯ ಆಸೆಗೆ ನಮ್ಮ ದೇಶದ ಎಷ್ಟೋ ಚಿತ್ರಗಳ ಪ್ರಿಂಟುಗಳನ್ನು ತೊಳೆದು ಹಾಳುಮಾಡಿದರು. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’, ಇಂದು ನೋಡಲು ಸಿಗುವುದಿಲ್ಲ. ಸಾವಿರಾರು ಜನ ನೋಡಿ ಮೆಚ್ಚಿದ ಚಿತ್ರದ ಗತಿಯೇ ಹೀಗಾದರೆ, ಒಂದೇ ಒಂದು ಪ್ರತಿಯಿರುವ ಮನೆಯ ರೀಲಿನ ಪಾಡೇನು? ಆದ್ದರಿಂದ ತೂಕಕ್ಕೆ ಕೊಡುವ ವಿಚಾರವನ್ನು ಮೊದಲು ಬಿಟ್ಟುಬಿಡಿ. ರೀಲಿನ ಬೆಲೆ ಅದರ ಮೇಲಿರುವ ಚಿತ್ರದಲ್ಲಿದೆ. ಆ ಚಿತ್ರದ ಬಗ್ಗೆ ನೀವು ಏನು ಹೇಳಬಲ್ಲಿರಿ ಎಂಬುದರಲ್ಲಿ ಅದಕ್ಕಿಂತ ಹೆಚ್ಚಿನ ಬೆಲೆಯಿದೆ.

ಈಗ ಕೈಯಲ್ಲಿರುವುದು ಏನೆಂದು ಗುರುತಿಸೋಣ. ಒಂದು ಸ್ಕೇಲು ತೆಗೆದುಕೊಂಡು ಫಿಲ್ಮಿನ ಅಗಲ ಅಳೆಯಿರಿ. ಚಿತ್ರಮಂದಿರದ ಫಿಲ್ಮು 35 ಮಿಲಿಮೀಟರ್ ಅಗಲ. ಮನೆಬಳಕೆಗೆಂದು ಬಂದವು ಅದಕ್ಕಿಂತ ಕಿರಿದು. ಫ್ರಾನ್ಸಿನ ಪಾಥೆ ಕಂಪನಿ 1922ರಲ್ಲಿ 9.5 ಮಿ.ಮೀ. ಫಿಲ್ಮು ತಂದಿತು, ಅದರ ರಂಧ್ರ ಎರಡು ಚಿತ್ರಚೌಕಗಳ ನಡುವೆ, ಮಧ್ಯದಲ್ಲೇ ಇರುವುದರಿಂದ ನೋಡಿದ ಕೂಡಲೇ ಗುರುತು ಸಿಗುತ್ತದೆ. ಮರುವರ್ಷ ಕೊಡಾಕ್ ಕಂಪನಿಯ 16 ಮಿ.ಮೀ. ಬಂತು. 1932ರಲ್ಲಿ ಅದೇ ಕಂಪನಿ 8 ಮಿ.ಮೀ. ತಂದಿತು. ಇದರ ಯುಕ್ತಿ ಚೆನ್ನಾಗಿದೆ: 16 ಮಿ.ಮೀ. ಅಗಲದ 25 ಅಡಿ ಸುರುಳಿಯನ್ನು ಕ್ಯಾಮೆರಾದಲ್ಲಿ ಒಮ್ಮೆ ಒಂದು ಅಂಚಿಗೆ, ಮಗುಚಿ ಹಾಕಿ ಇನ್ನೊಮ್ಮೆ ಮತ್ತೊಂದು ಅಂಚಿಗೆ ಓಡಿಸುತ್ತಿದ್ದರು. ಲ್ಯಾಬಿನಲ್ಲಿ ತೊಳೆದು ಚಿತ್ರ ಮೂಡಿಸಿದ ಮೇಲೆ ನಡುವೆ ಸೀಳಿ, ಎರಡನ್ನೂ ಜೋಡಿಸಿದರೆ 50 ಅಡಿ. 1965ರಲ್ಲಿ ಸೂಪರ್ 8 ಬಂತು, ಕಾರ್ಟ್ರಿಜ್ ತುರುಕಿದರೆ ಸಾಕು. ಅದೇ ವರ್ಷ ಜಪಾನಿನ ಫ್ಯೂಜಿ ಕಂಪನಿ ಸಿಂಗಲ್ 8 ಎಂದು ತನ್ನದೇ ಕಾರ್ಟ್ರಿಜ್ ಹೊರತಂದಿತು.

ಹಳೆಯ 8 ಮತ್ತು ಸೂಪರ್ 8 ಎರಡರ ಅಗಲವೂ ಒಂದೇ ಆದ್ದರಿಂದ ಹೊಸಬರು ಇಲ್ಲೇ ಗೊಂದಲಕ್ಕೆ ಬೀಳುತ್ತಾರೆ. ಅಂಚಿನ ರಂಧ್ರ ನೋಡಿ. ಹಳೆಯ 8ರಲ್ಲಿ ರಂಧ್ರ ದೊಡ್ಡದು, ಎರಡು ಚಿತ್ರಚೌಕಗಳು ಕೂಡುವ ಗೆರೆಯ ಪಕ್ಕದಲ್ಲಿರುತ್ತದೆ. ಸೂಪರ್ 8ರಲ್ಲಿ ರಂಧ್ರ ಚಿಕ್ಕದು, ಚೌಕದ ನಡುಭಾಗದ ಪಕ್ಕದಲ್ಲಿರುತ್ತದೆ. ರಂಧ್ರ ಚಿಕ್ಕದಾದ್ದರಿಂದ ಉಳಿದ ಜಾಗವೆಲ್ಲ ಚಿತ್ರಕ್ಕೆ ಸಿಕ್ಕಿ, ಸೂಪರ್ 8ರ ಚೌಕ ಸುಮಾರು ಅರ್ಧದಷ್ಟು ದೊಡ್ಡದಾಯಿತು. ಅಂಚಿನಲ್ಲಿ ಕಂದು ಬಣ್ಣದ ತೆಳುಪಟ್ಟಿ ಇದ್ದರೆ ಅದು ಧ್ವನಿಯದು. 1973ರಿಂದ ಈಚೆಗೆ ಕೆಲವು ಸೂಪರ್ 8 ಕ್ಯಾಮೆರಾಗಳು ಚಿತ್ರದ ಜೊತೆಗೇ ಧ್ವನಿಯನ್ನೂ ಹಿಡಿಯುತ್ತಿದ್ದವು. ತೀರಿಹೋದ ಅಜ್ಜಿಯ ದನಿ ಆ ಪಟ್ಟಿಯಲ್ಲಿರಬಹುದು. ಅಂಥ ರೀಲನ್ನು ಬೇರೆಯಾಗಿ ಗುರುತು ಹಾಕಿಡಿ.

ರೀಲಿನ ಅಡ್ಡಳತೆಯಿಂದ ಎಷ್ಟು ಹೊತ್ತಿನ ಚಿತ್ರವೆಂದು ಅಂದಾಜು ಸಿಗುತ್ತದೆ. 3 ಇಂಚಿನ ರೀಲಿನಲ್ಲಿ 50 ಅಡಿ, 5 ಇಂಚಿನದರಲ್ಲಿ 200 ಅಡಿ, 7 ಇಂಚಿನದರಲ್ಲಿ 400 ಅಡಿ ಹಿಡಿಯುತ್ತದೆ. ಸೂಪರ್ 8ರ 50 ಅಡಿಯೆಂದರೆ ಸೆಕೆಂಡಿಗೆ 18 ಚೌಕದ ವೇಗದಲ್ಲಿ 3 ನಿಮಿಷ 20 ಸೆಕೆಂಡು. ಹಳೆಯ 8ರಲ್ಲಿ ಸೆಕೆಂಡಿಗೆ 16 ಚೌಕ, ಹಾಗಾಗಿ ಅಷ್ಟೇ ಉದ್ದಕ್ಕೆ 4 ನಿಮಿಷದ ಮೇಲೆ ಸ್ವಲ್ಪ. 16 ಮಿ.ಮೀ. ಧ್ವನಿಚಿತ್ರವಾದರೆ 400 ಅಡಿಗೆ 11 ನಿಮಿಷ. ಕೊಳ್ಳುವವರು, ಕಾಪಿ ಮಾಡಿಕೊಡುವವರು ಎಲ್ಲರೂ ಅಡಿಯ ಲೆಕ್ಕದಲ್ಲೇ ಮಾತಾಡುತ್ತಾರೆ. ಈ ಲೆಕ್ಕ ಗೊತ್ತಿದ್ದರೆ ಮೋಸ ಹೋಗುವುದಿಲ್ಲ.

ಟ್ರಂಕಿನಲ್ಲಿ 35 ಮಿ.ಮೀ. ತುಂಡುಗಳೂ ಇದ್ದರೆ ಜಾಗ್ರತೆ. ಜಾತ್ರೆಗೆ ಬಂದು ಡೇರೆ ಹಾಕುತ್ತಿದ್ದ ಟೂರಿಂಗ್ ಟಾಕೀಸಿನ ಸುತ್ತಮುತ್ತ ತುಂಡು ಫಿಲ್ಮು ಆಯ್ದು, ಕನ್ನಡಿಯ ಬಿಸಿಲಿನಲ್ಲಿ ಗೋಡೆಗೆ ಚಿತ್ರ ಬಿಟ್ಟು ಆಡಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. 1950ರ ದಶಕದ ಆರಂಭದವರೆಗೂ 35 ಮಿ.ಮೀ. ಫಿಲ್ಮನ್ನು ನೈಟ್ರೇಟ್ ಮೇಲೆ ಮಾಡುತ್ತಿದ್ದರು. ಅದು ಬೆಂಕಿಗೆ ಅತಿ ಬೇಗ ಹತ್ತಿಕೊಳ್ಳುತ್ತದೆ, ಹತ್ತಿದರೆ ನೀರಿಗೂ ಆರುವುದಿಲ್ಲ. ಅಂಚಿನಲ್ಲಿ ‘ಸೇಫ್ಟಿ’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ನಿಶ್ಚಿಂತೆ. ಇಲ್ಲದಿದ್ದರೆ ಪರೀಕ್ಷೆ ಮಾಡಲೆಂದು ಕಡ್ಡಿ ಗೀರಲು ಹೋಗಬೇಡಿ, ಕೊರಿಯರ್‌ಗೂ ಹಾಕಬೇಡಿ. ಮನೆಯಿಂದ ಹೊರಗೆ ನೆರಳಿನಲ್ಲಿಟ್ಟು, ಮುಂದೆ ಹೇಳುವ ಸಂಗ್ರಹಾಲಯದವರನ್ನು ಕೇಳಿ. ಮನೆಬಳಕೆಯ 16 ಮತ್ತು 8 ಮಿ.ಮೀ. ಫಿಲ್ಮುಗಳಿಗೆ ಈ ಭಯವಿಲ್ಲ. ಅವನ್ನು ಮೊದಲಿನಿಂದಲೂ ಸುಲಭವಾಗಿ ಬೆಂಕಿ ಹಿಡಿಯದ ಅಸಿಟೇಟ್ ಮೇಲೆ ಮಾಡಿದರು.

ಅಸಿಟೇಟಿಗೆ ಬೇರೆ ರೋಗವಿದೆ. ಡಬ್ಬಿಯ ಮುಚ್ಚಳ ತೆಗೆದಾಗ ಮೂಗಿಗೆ ವಿನೆಗರ್ ವಾಸನೆ ಹೊಡೆದರೆ ಫಿಲ್ಮು ಒಳಗಿಂದ ಕೊಳೆಯುತ್ತಿದೆ ಎಂದರ್ಥ. ಬಿಸಿ ಮತ್ತು ತೇವ ಇದಕ್ಕೆ ಕಾರಣ. ಒಮ್ಮೆ ಶುರುವಾದರೆ ನಿಲ್ಲಿಸಲಾಗದು, ನಿಧಾನ ಮಾಡಬಹುದಷ್ಟೆ. ಆ ಆವಿ ಪಕ್ಕದ ರೀಲಿಗೂ ಹಬ್ಬುತ್ತದೆ, ಆದ್ದರಿಂದ ವಾಸನೆಯ ರೀಲುಗಳನ್ನು ಆ ದಿನವೇ ಬೇರೆ ಮಾಡಿ. ನಮ್ಮ ಕಡೆಯ ಬೇಸಿಗೆ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ತಗಡಿನ ಛಾವಣಿಯ ಕೆಳಗಿನ ಅಟ್ಟದಲ್ಲಿ ಮೂವತ್ತು ನಲವತ್ತು ಬೇಸಿಗೆ ಕಳೆದ ಫಿಲ್ಮು ಕುಗ್ಗಿ, ಒಣಗಿ, ಖಡಕ್ ರೊಟ್ಟಿಯ ಹಾಗೆ ಮುರಿಯುವ ಸ್ಥಿತಿಗೆ ಬಂದಿರುತ್ತದೆ. ಹಳೆಯ ಮಣ್ಣಿನ ಮಾಳಿಗೆ ಮನೆಯ ಒಳಕೋಣೆಯಲ್ಲಿಟ್ಟವು ಎಷ್ಟೋ ಚೆನ್ನಾಗಿ ಉಳಿದಿರುತ್ತವೆ. ಈಗಲೂ ಅಂಥ ತಂಪಾದ, ಒಣಗಿದ, ಕತ್ತಲ ಜಾಗವೇ ಒಳ್ಳೆಯದು. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಗಿಯಬೇಡಿ, ನುಸಿಗುಳಿಗೆಯನ್ನೂ ಹಾಕಬೇಡಿ. ಫ್ಯೂಜಿಯ ಸಿಂಗಲ್ 8 ಪಾಲಿಯೆಸ್ಟರ್ ಮೇಲೆ ಮಾಡಿದ್ದರಿಂದ ಅದಕ್ಕೆ ಈ ರೋಗ ಬರುವುದಿಲ್ಲ.

ಬಣ್ಣದ ವಿಷಯದಲ್ಲಿ ಕೊಡಾಕ್ರೋಮ್ ಫಿಲ್ಮಿಗೆ ಸಾಟಿಯಿಲ್ಲ. ಕತ್ತಲಲ್ಲಿಟ್ಟರೆ ಐವತ್ತು ವರ್ಷದ ಮೇಲೂ ಸೀರೆಯ ಕೆಂಪು ಕೆಂಪಾಗಿಯೇ ಇರುತ್ತದೆ. ಡಬ್ಬಿಯ ಮೇಲೆ ಆ ಹೆಸರಿದ್ದರೆ ಬರೆದಿಡಿ, ಕೊಳ್ಳುವವರು ಅದನ್ನು ಕೇಳುತ್ತಾರೆ. ಬೇರೆ ಕೆಲವು ಬಣ್ಣದ ಫಿಲ್ಮುಗಳು ಕಾಲ ಕಳೆದಂತೆ ಪೂರ್ತಿ ಗುಲಾಬಿಗೆ ತಿರುಗುತ್ತವೆ. ತೊಳೆಯದೆ ಉಳಿದ ಕಾರ್ಟ್ರಿಜ್‌ಗಳೂ ಸಿಗಬಹುದು. ಕೊಡಾಕ್ರೋಮ್ ತೊಳೆಯುತ್ತಿದ್ದ ಕೊನೆಯ ಲ್ಯಾಬು ಅಮೆರಿಕದಲ್ಲಿ 2010ರ ಡಿಸೆಂಬರಿನಲ್ಲಿ ಹೊಸ ಫಿಲ್ಮು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಇನ್ನು ಬಣ್ಣ ಬರುವುದಿಲ್ಲ, ಆದರೆ ಕಪ್ಪುಬಿಳುಪಿನಲ್ಲಿ ಚಿತ್ರ ತೆಗೆಯಬಲ್ಲವರಿದ್ದಾರೆ. ಆದ್ದರಿಂದ ಎಸೆಯಬೇಡಿ, ಬೆಳಕಿಗೆ ಬಿಚ್ಚಿಯೂ ನೋಡಬೇಡಿ.

ಒಳಗೇನಿದೆ ಎಂದು ನೋಡುವ ಆತುರ ಸಹಜ. ಪಕ್ಕದಲ್ಲೇ ಹಳೆಯ ಪ್ರೊಜೆಕ್ಟರ್ ಇದ್ದರಂತೂ ಕೈ ತಡೆಯುವುದಿಲ್ಲ. ದಯವಿಟ್ಟು ಓಡಿಸಬೇಡಿ. ಕುಗ್ಗಿದ ಫಿಲ್ಮಿನ ರಂಧ್ರಗಳು ಪ್ರೊಜೆಕ್ಟರಿನ ಹಲ್ಲಿಗೆ ಕೂಡುವುದಿಲ್ಲ, ಉದ್ದಕ್ಕೂ ಹರಿಯುತ್ತವೆ. ನಡುವೆ ನಿಂತರೆ ದೀಪದ ಬಿಸಿಗೆ ಚಿತ್ರ ಕರಗುತ್ತದೆ. ಅದರ ಬದಲು ಕೈ ತೊಳೆದು ಒರೆಸಿಕೊಳ್ಳಿ. ಮೊಬೈಲಿನಲ್ಲಿ ಬಿಳಿ ಪರದೆ ತೆರೆದು ಅದರ ಮೇಲೆ ಫಿಲ್ಮಿನ ಮೊದಲ ನಾಲ್ಕಾರು ಅಡಿಯನ್ನು ಅಂಚು ಹಿಡಿದು ಚಾಚಿ, ಭೂತಗನ್ನಡಿಯಿಂದ ನೋಡಿ. ಮದುವೆಯೋ ಜಾತ್ರೆಯೋ ಊರೋ ಎಂದು ತಿಳಿಯಲು ಅಷ್ಟು ಸಾಕು. ಅಂಚಿನಲ್ಲಿ ಕೊಡಾಕ್ ಕಂಪನಿ ಚಿಕ್ಕ ವೃತ್ತ, ಚೌಕ, ತ್ರಿಕೋನಗಳನ್ನು ಮುದ್ರಿಸುತ್ತಿತ್ತು, ಅವು ತಯಾರಾದ ವರ್ಷದ ಗುರುತು. ಅದೇ ಗುರುತು 20 ವರ್ಷಕ್ಕೊಮ್ಮೆ ಮತ್ತೆ ಬರುವುದರಿಂದ 1936ರದೋ 1956ರದೋ ಎಂದು ಉಡುಪು, ವಾಹನ ನೋಡಿ ತೀರ್ಮಾನಿಸಬೇಕು.

ಇನ್ನು ಬೆಲೆಯ ವಿಷಯ. ಟ್ರಂಕಿನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ರೀಲುಗಳಿರುತ್ತವೆ. ಒಂದು, ಅಂಗಡಿಯಲ್ಲಿ ಕೊಂಡವು: ಚಾಪ್ಲಿನ್, ಕಾರ್ಟೂನು, ಪ್ರವಾಸಿ ತಾಣಗಳ ಕಿರುಚಿತ್ರ. ಅಮೆರಿಕದ ಕ್ಯಾಸಲ್ ಫಿಲ್ಮ್ಸ್‌ನಂಥ ಕಂಪನಿಗಳು ಮನೆಯಲ್ಲಿ ತೋರಿಸಲೆಂದೇ ಇವನ್ನು ಅಪಾರ ಸಂಖ್ಯೆಯಲ್ಲಿ ಮಾರಿದವು. ಬಣ್ಣದ ಡಬ್ಬಿ ನೋಡಿ ಮನೆಯವರು ಇವೇ ಬೆಲೆಬಾಳುವವು ಅಂದುಕೊಳ್ಳುತ್ತಾರೆ. ಜಗತ್ತಿನಲ್ಲಿ ಇವುಗಳ ಪ್ರತಿಗಳು ಬೇಕಾದಷ್ಟಿವೆ, ಹಾಗಾಗಿ ಹೆಚ್ಚು ಬಾರದು. ಇನ್ನೊಂದು, ಮನೆಯವರೇ ತೆಗೆದವು. ಡಬ್ಬಿಯ ಮೇಲೆ ಹೆಸರಿಲ್ಲ, ಚಿತ್ರ ಅಲುಗಾಡುತ್ತದೆ, ಅರ್ಧ ಮುಖ ಕತ್ತರಿಸಿರುತ್ತದೆ. ನನ್ನ ತೀರ್ಪು ಕೇಳಿದರೆ, ಇಡೀ ಪೆಟ್ಟಿಗೆಯ ಸಾರ ಇವುಗಳಲ್ಲಿದೆ, ಏಕೆಂದರೆ ಇವುಗಳಿಗೆ ಇನ್ನೊಂದು ಪ್ರತಿ ಎಲ್ಲೂ ಇಲ್ಲ.

ನಮ್ಮ ನೆಲದ ಉದಾಹರಣೆ ಕೊಡುತ್ತೇನೆ. ಕೊಟ್ಟೂರಿನ ಗುರುಬಸವೇಶ್ವರ ಸ್ವಾಮಿಯ ತೇರು 2017ರ ಫೆಬ್ರವರಿಯಲ್ಲಿ ಎಳೆಯುವಾಗಲೇ ಉರುಳಿಬಿತ್ತು, ಆಮೇಲೆ ಹೊಸ ತೇರು ಮಾಡಿಸಿದರು. ಈಗ ಯಾರದಾದರೂ ಮನೆಯಲ್ಲಿ ಹಳೆಯ ತೇರು ಮಿಣಿ ಹಿಡಿದ ಜನರ ನಡುವೆ ಸಾಗಿ ಬರುವ 1960ರ ದಶಕದ ಮೂರು ನಿಮಿಷದ ಬಣ್ಣದ ಚಿತ್ರವಿದ್ದರೆ, ಅದರ ಬೆಲೆಯೇನು? ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿಗೆ 1950ರ ದಶಕದಲ್ಲಿ ನಾರಾಯಣದೇವರಕೆರೆ ಮುಳುಗಿ, ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಮುಳುಗುವ ಮುಂಚಿನ ಆ ಊರಿನ ಒಂದು ಬೀದಿ ಯಾವುದಾದರೂ ಎಂಜಿನಿಯರರ ಮನೆಯ 16 ಮಿ.ಮೀ. ರೀಲಿನಲ್ಲಿ ಉಳಿದಿದ್ದರೆ? ಹೊಸಪೇಟೆಯಿಂದ ಕೊಟ್ಟೂರಿಗೆ ಬರುತ್ತಿದ್ದ ಮೀಟರ್‌ಗೇಜ್ ರೈಲು, ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುವ ಗಳಿಗೆ, ಅಲ್ಲಿಯ ಡೆಂಕನಮರಡಿಯ ತುಂಬ ನಿಂತ ಸವಾರಿ ಗಾಡಿಗಳು, ಹಡಗಲಿಯ ಮಲ್ಲಿಗೆ ತೋಟದಲ್ಲಿ ಹೂ ಬಿಡಿಸುವವರು, ಊರ ಮುಂದೆ ಅಟ್ಟ ಕಟ್ಟಿ ರಾತ್ರಿಯೆಲ್ಲ ಆಡಿದ ಬಯಲಾಟ. ಇವುಗಳ ಜೊತೆಗೆ, ಮದುವೆಯ ಮೆರವಣಿಗೆಯ ಹಿಂದೆ ಕಾಣುವ ಅಂಗಡಿ ಬೋರ್ಡು, ಬಸ್ಸು, ಬಾವಿ, ಬೇವಿನ ಮರ. ತೆಗೆದವರು ಮದುಮಗನನ್ನು ಹಿಡಿಯಲು ಹೋಗಿ ಊರನ್ನು ಹಿಡಿದುಬಿಟ್ಟಿರುತ್ತಾರೆ.

ಹೊರಗಿನವರು ಈ ಮಾತನ್ನು ಬಹಳ ಹಿಂದೆಯೇ ಅರಿತರು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರ, ಭಾರತದಲ್ಲಿ ನೌಕರಿ ಮಾಡಿ ಹೋದ ಬ್ರಿಟಿಷ್ ಕುಟುಂಬಗಳ ಮನೆಚಿತ್ರಗಳನ್ನು ಕೇಳಿ ಪಡೆದು ಜೋಪಾನ ಮಾಡಿದೆ. ನಮ್ಮ ಈ ತಾಲ್ಲೂಕುಗಳಿದ್ದ ಬಳ್ಳಾರಿ ಜಿಲ್ಲೆ 1953ರವರೆಗೂ ಮದ್ರಾಸಿಗೆ ಸೇರಿತ್ತು. ಆ ಕಾಲದ ನಮ್ಮ ಬದುಕನ್ನು ಸಾಹೇಬರ ಕ್ಯಾಮೆರಾದಿಂದ ನೋಡುವುದಷ್ಟೇ ಸಾಲದು, ನಮ್ಮವರು ತೆಗೆದದ್ದೂ ಉಳಿಯಬೇಕು. ಕಿರಿ ಅಳತೆಯ ಫಿಲ್ಮಿಗೆ ಕರ್ನಾಟಕದಲ್ಲಿ ಗೌರವದ ಚರಿತ್ರೆಯೂ ಇದೆ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದರು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಚಿತ್ರಗಳು 16 ಮಿ.ಮೀ. ಪ್ರಿಂಟುಗಳಾಗಿ ಹಳ್ಳಿಯ ರೈತರ ಮುಂದೆ ಓಡಿದವು.

ಎಲ್ಲವನ್ನೂ ಮಾರಬಹುದು ಎಂದಲ್ಲ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಂಥ ಕಡೆ ತೆಗೆದ ಹಳೆಯ ರೀಲಿನಲ್ಲಿ ಹರಕೆಗೆಂದು ಬೇವಿನ ಸೊಪ್ಪನ್ನಷ್ಟೇ ಉಟ್ಟ ಹೆಣ್ಣುಮಕ್ಕಳು ಕಾಣಬಹುದು. ಅವರು ಅಥವಾ ಅವರ ಮಕ್ಕಳು ಇನ್ನೂ ನಮ್ಮ ನಡುವೆ ಇದ್ದಾರೆ. ಇಂಥದ್ದನ್ನು ಬಯಲಿಗೆ ಮಾರುವುದು ತಪ್ಪು. ನೋಡುವವರಿಗೆ ಕಟ್ಟುಪಾಡು ಹಾಕಬಲ್ಲ ಸಂಗ್ರಹಾಲಯಕ್ಕೆ ಕೊಡಬೇಕು. ಡಬ್ಬಿಯ ಮೇಲೆ ಸರ್ಕಾರಿ ಇಲಾಖೆಯ ಅಥವಾ ಕಾಲೇಜಿನ ಮೊಹರು ಇದ್ದರೆ ಅದು ನಿಮ್ಮ ಸ್ವತ್ತಲ್ಲ. ಹಿಂದೆ ಕ್ಷೇತ್ರ ಪ್ರಚಾರದ ವ್ಯಾನುಗಳು ಫಿಲ್ಮ್ಸ್ ಡಿವಿಜನ್ನಿನ 16 ಮಿ.ಮೀ. ಚಿತ್ರಗಳನ್ನು ಊರೂರಿಗೆ ತಂದು ತೋರಿಸುತ್ತಿದ್ದವು, ಅಂಥವು ಹೇಗೋ ಉಳಿದುಕೊಂಡಿರಬಹುದು. ಅವನ್ನು ಹಿಂದಿರುಗಿಸಿ.

ಒಡೆತನದ ಪ್ರಶ್ನೆಯನ್ನು ಮನೆಯೊಳಗೇ ಮೊದಲು ಬಗೆಹರಿಸಿಕೊಳ್ಳಿ. ಅಪ್ಪ ತೆಗೆದ ರೀಲು ಎಲ್ಲ ಮಕ್ಕಳದೂ ಹೌದು. ಕೊಟ್ಟ ಮನೆಗೆ ಹೋದ ಅಕ್ಕತಂಗಿಯರನ್ನು ಕೇಳದೆ ಮಾರಿ ಆಮೇಲೆ ಮಾತು ಬಿಟ್ಟರೆ, ಬಂದ ದುಡ್ಡಿಗಿಂತ ಕಳೆದದ್ದು ಹೆಚ್ಚಾಗುತ್ತದೆ. ಎಲ್ಲರ ಸಹಿ ಇರುವ ಒಂದು ಕಾಗದ ಮಾಡಿಕೊಳ್ಳಿ. ಕಾನೂನಿನ ಇನ್ನೊಂದು ಸಂಗತಿ ಹೊಸಬರಿಗೆ ಗೊತ್ತೇ ಇರುವುದಿಲ್ಲ: ರೀಲು ಮಾರುವುದು ಬೇರೆ, ಅದರ ಮೇಲಿನ ಚಿತ್ರದ ಹಕ್ಕು ಮಾರುವುದು ಬೇರೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಬೇಕು. ಎಷ್ಟು ವರ್ಷ ಎಂದು ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಆದ್ದರಿಂದ ಕೊಳ್ಳುವವರು ಹಕ್ಕೂ ಬೇಕೆಂದರೆ ಅದಕ್ಕೆ ಬೇರೆ ಬೆಲೆ ಕೇಳಿ. ಅಂಗಡಿಯಲ್ಲಿ ಕೊಂಡ ಚಾಪ್ಲಿನ್ ರೀಲಿನಲ್ಲಿ ನಿಮ್ಮದು ರೀಲು ಮಾತ್ರ.

ಯಾರಿಗೆ ಕೊಡುವುದು? ಪುಣೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ, ಅದನ್ನು ಬೆಳೆಸಿದವರು ಪಿ.ಕೆ. ನಾಯರ್. 2022ರಲ್ಲಿ ಅದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿತು. ಮುಂಬಯಿಯಲ್ಲಿ ಶಿವೇಂದ್ರ ಸಿಂಗ್ ಡುಂಗರ್‌ಪುರ್ 2014ರಲ್ಲಿ ಸ್ಥಾಪಿಸಿದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇದೆ. ಇಂಥ ಕಡೆ ದೊಡ್ಡ ಮೊತ್ತ ನಿರೀಕ್ಷಿಸಬೇಡಿ. ದಾನವಾಗಿ ಕೊಡಬಹುದೇ, ಹಕ್ಕು ನಿಮ್ಮಲ್ಲೇ ಉಳಿಸಿಕೊಂಡು ಇಡಲು ಕೊಡಬಹುದೇ, ನಿಮಗೆ ಪ್ರತಿ ಮಾಡಿಕೊಡುತ್ತಾರೆಯೇ ಎಂದು ಕೇಳಿ. ತಂಪು ಕೋಣೆಯಲ್ಲಿ ನಿಮ್ಮ ರೀಲು ಉಳಿಯುವುದೇ ಅಲ್ಲಿಯ ಲಾಭ. ದುಡ್ಡು ಬೇಕೇಬೇಕು ಎನ್ನುವವರು ಅಂಗಡಿಯ ರೀಲುಗಳನ್ನೂ ಪ್ರೊಜೆಕ್ಟರ್, ಕ್ಯಾಮೆರಾಗಳನ್ನೂ ಸಂಗ್ರಾಹಕರಿಗೆ ಮಾರಬಹುದು. ಬೊಲೆಕ್ಸ್, ಯೂಮಿಗ್ ಹೆಸರಿನ ಯಂತ್ರ ಕೆಲಸ ಮಾಡುತ್ತಿದ್ದರೆ ಅದಕ್ಕೆ ರೀಲುಗಳಿಗಿಂತ ಬೇಗ ಗಿರಾಕಿ ಸಿಗುತ್ತಾರೆ. ಮುಂಬಯಿಯ ಚೋರ್ ಬಜಾರಿನವರೂ ಕೊಳ್ಳುತ್ತಾರೆ, ಆದರೆ ಅವರು ಪೆಟ್ಟಿಗೆ ಒಡೆದು ಬಿಡಿಬಿಡಿಯಾಗಿ ಮಾರುವವರು. ಮನೆಚಿತ್ರಗಳನ್ನು ಬಿಡಿಯಾಗಿ ಯಾರಿಗೂ ಕೊಡಬೇಡಿ. ಒಂದು ಕುಟುಂಬದ ಇಪ್ಪತ್ತು ವರ್ಷ ಒಟ್ಟಿಗಿದ್ದರೆ ಮಾತ್ರ ಅದು ದಾಖಲೆಯಾಗುತ್ತದೆ.

ಇನ್ನೊಂದು ದಾರಿಯಿದೆ, ನಾನು ಶಿಫಾರಸು ಮಾಡುವುದು ಅದನ್ನೇ. ಮೂಲ ರೀಲು ಮಾರದೆ ಒಳ್ಳೆಯ ಡಿಜಿಟಲ್ ಪ್ರತಿ ಮಾಡಿಸಿ, ಸಾಕ್ಷ್ಯಚಿತ್ರ ಮಾಡುವವರಿಗೆ ಬೇಕಾದ ತುಣುಕನ್ನು ಬಳಸಲು ಅನುಮತಿ ಕೊಟ್ಟು ಹಣ ಪಡೆಯುವುದು. ಒಂದೇ ರೀಲು ಹಲವು ಸಲ ಗಳಿಸುತ್ತದೆ, ಮನೆಯಲ್ಲೂ ಉಳಿಯುತ್ತದೆ. ಪ್ರತಿ ಮಾಡಿಸುವಾಗ ಒಂದು ಎಚ್ಚರ: ಗೋಡೆಗೆ ಚಿತ್ರ ಬಿಟ್ಟು ಅದನ್ನು ಮೊಬೈಲಿನಲ್ಲಿ ಹಿಡಿದುಕೊಡುವವರಿಗೆ ರೀಲು ಕೊಡಬೇಡಿ. ಒಂದೊಂದು ಚೌಕವನ್ನೂ ಬೇರೆಬೇರೆಯಾಗಿ ಸ್ಕ್ಯಾನ್ ಮಾಡುವವರಿಗೆ ಕೊಡಿ; ಹಲ್ಲುಚಕ್ರವಿಲ್ಲದ ಯಂತ್ರವೇ ಎಂದು ಕೇಳಿ. ಬಣ್ಣ ತಿದ್ದಿದ ಪ್ರತಿಯ ಜೊತೆಗೆ ತಿದ್ದದ ಪ್ರತಿಯನ್ನೂ ಪಡೆದು, ಎರಡು ಹಾರ್ಡ್ ಡಿಸ್ಕಿನಲ್ಲಿ ಎರಡು ಮನೆಗಳಲ್ಲಿಡಿ. ಮೂಲವನ್ನು ಮಾತ್ರ ಎಸೆಯಬೇಡಿ.

ಈ ಎಲ್ಲಕ್ಕಿಂತ ಮೊದಲು, ಇಂದೇ ಮಾಡಬಹುದಾದ, ಕಾಸು ಖರ್ಚಿಲ್ಲದ ಕೆಲಸವೊಂದಿದೆ. ಒಂದು ನೋಟ್‌ಬುಕ್ ತೆಗೆದು ಪ್ರತಿ ಡಬ್ಬಿಗೂ ಸಂಖ್ಯೆ ಕೊಡಿ. ಅಗಲ, ಅಡಿ, ಡಬ್ಬಿಯ ಮೇಲಿನ ಬರಹ, ವಾಸನೆ ಇದೆಯೇ ಇಲ್ಲವೇ ಎಂದು ಬರೆಯಿರಿ. ಆಮೇಲೆ ಮನೆಯ ಹಿರಿಯರ ಹತ್ತಿರ ಕೂತು ಇದು ಯಾರ ಮದುವೆ, ಯಾವ ಊರು, ಕ್ಯಾಮೆರಾ ಹಿಡಿದವರು ಯಾರು, ಗಾಡಿ ಹೊಡೆಯುವವನ ಹೆಸರೇನು ಎಂದು ಕೇಳಿ ಬರೆದುಕೊಳ್ಳಿ. 1965ರಲ್ಲಿ ಇಪ್ಪತ್ತರ ಪ್ರಾಯದಲ್ಲಿದ್ದವರಿಗೆ ಈಗ ಎಂಬತ್ತು ದಾಟಿದೆ. ರೀಲು ಇನ್ನೂ ಕೆಲವು ವರ್ಷ ಕಾಯಬಹುದು, ಅವರು ಕಾಯಲಾರರು. ಹೆಸರು ಬರೆದ ರೀಲಿಗೆ ಗಿರಾಕಿಯೂ ಸಿಗುತ್ತಾನೆ, ಸಂಗ್ರಹಾಲಯವೂ ಸಿಗುತ್ತದೆ. ಆದ್ದರಿಂದ ಗಿರಾಕಿಯನ್ನು ಆಮೇಲೆ ಹುಡುಕಿ, ಮೊದಲು ಅಜ್ಜಿಯನ್ನು ಕೇಳಿ.